ಇಪ್ಪತ್ತನೆಯ ಚೀಲ

ಇಪ್ಪತ್ತನೆಯ ಚೀಲದಲ್ಲಿ ಚಿನ್ನ ಸಿಕ್ಕಿತ್ತು. ಸಿಗಬಾರದಿತ್ತು.

ಪ್ರಯೋಗಾಲಯದಿಂದ ಬಂದ ಹಾಳೆಯನ್ನು ಚೀಲಗಳ ಲೆಕ್ಕ ನೋಡುವ ಫಾದಿಯಾಲಾ ಮೂರು ಸಲ ಓದಿದ. ಕಾಡಿನಲ್ಲಿ ಅಗೆದು ತಂದ ಪ್ರತಿ ಹತ್ತೊಂಬತ್ತು ಚೀಲ ಮಣ್ಣಿಗೆ ಒಂದು ಗುಟ್ಟಿನ ಚೀಲ ಸೇರಿಸಿ ಕಳಿಸುವುದು ಪದ್ಧತಿ. ಅದರಲ್ಲಿರುವುದು ಚಿನ್ನದ ಸುಳಿವೇ ಇಲ್ಲದ ಖಾಲಿ ಮಣ್ಣು. ಅದರಲ್ಲೇ ಚಿನ್ನ ಕಂಡರೆ ಯಾರದೋ ಕೈ ಕೊಳಕು, ಇಲ್ಲವೇ ಯಾರೋ ಪುಡಿ ಉದುರಿಸಿದ್ದಾರೆ. ಈಗ ಕಂಡದ್ದು ಇಪ್ಪತ್ತನೆಯದರಲ್ಲಿ ಮಾತ್ರವಲ್ಲ, ನಲವತ್ತರಲ್ಲೂ, ಅರವತ್ತರಲ್ಲೂ.

"ಯಾವುದು ಖಾಲಿ ಚೀಲ ಅಂತ ಗೊತ್ತಿರೋದು ಇಬ್ಬರಿಗೆ," ಅಂದರು ಚಿನ್ನ ಹುಡುಕುವ ಕಂಪನಿಯ ಶಿಬಿರದ ಮುಖ್ಯಸ್ಥ ತಿಯೆಮೊಕೊ ಸಾಹೇಬರು. "ನಿನಗೆ, ದುಸುಬಾಗೆ. ಶುಕ್ರವಾರದೊಳಗೆ ಯಾರು ಅಂತ ಹೇಳು. ಇಲ್ಲದಿದ್ರೆ ಇಬ್ಬರೂ ಗಂಟು ಕಟ್ಟಿ."

ದುಸುಬಾ ಮಣ್ಣು ಜರಡಿ ಹಿಡಿಯುವವಳು. ಬೆಳಿಗ್ಗೆ ಬಂದ ಕೂಡಲೇ ಓಲೆ ಬಿಚ್ಚಿ ಬಾಗಿಲ ಬಳಿಯ ಹಾಲುಪುಡಿ ಡಬ್ಬಿಗೆ ಹಾಕಬೇಕು. ಚಿನ್ನ ತೊಟ್ಟವರಿಗೆ ಒಳಗೆ ಪ್ರವೇಶವಿಲ್ಲ. ಹೋದ ತಿಂಗಳು ಅವಳ ಕಿವಿಗೆ ಹೊಸ ಓಲೆ ಬಂದಿತ್ತು. ಫಾದಿಯಾಲಾ ಅದನ್ನು ಗಮನಿಸಿದ್ದ.

ಅವರಿಬ್ಬರ ವಂಶಗಳಿಗೆ ತಲೆತಲಾಂತರದಿಂದ ಗೇಲಿಯ ನಂಟು. "ಬಂದ್ರಾ, ಅಲಸಂದೆ ತಿನ್ನೋರು" ಎನ್ನದೆ ಅವಳ ದಿನ ಶುರುವಾಗುತ್ತಿರಲಿಲ್ಲ. ಅಂದು ಅವಳು ಗೇಲಿ ಮಾಡಲಿಲ್ಲ.

"ಓಲೆ ಎಲ್ಲಿಂದ ಬಂತು?" ಅವನು ಕೇಳಿದ.

"ಮಗಳ ನಾಮಕರಣಕ್ಕೆ ಅಣ್ಣ ಕೊಟ್ಟ. ನನ್ನ ಕೈ ಕೊಳಕಾಗಿದ್ರೆ ಹತ್ತೊಂಬತ್ತಕ್ಕೂ ಇಪ್ಪತ್ತೊಂದಕ್ಕೂ ಮೆತ್ತಬೇಕಿತ್ತಲ್ಲ ಫಾದಿಯಾಲಾ? ಅವು ಯಾಕೆ ಶುದ್ಧವಾಗಿವೆ?"

"ಉದುರಿಸಿದವರು ಚೀಲ ಆರಿಸಿ ಉದುರಿಸಿದ್ದಾರೆ."

"ಹಾಗಾದ್ರೆ ನೀನೂ ಆರಿಸಿರಬಹುದು," ಅಂದಳು, ಜರಡಿಯಿಂದ ಕಣ್ಣೆತ್ತದೆ.

ಆ ಮಾತು ಅವನ ಎದೆಯಲ್ಲಿ ಕುಳಿತಿತು. ಮಕ್ಕಳಿರುವ ಹೆಂಗಸಿನ ಅನ್ನದ ಪ್ರಶ್ನೆ. ಸುಳ್ಳು ಹೇಳಿದರೆ ದೇವರೆದುರು ನಿಲ್ಲಬೇಕಾದವನು ತಾನು. ಊಹೆ ಸಾಲದು, ಪುರಾವೆ ಬೇಕು. ಹೊಸದಾಗಿ ಖಾಲಿ ಮಣ್ಣು ತರುವುದು, ದುಸುಬಾಳ ನೆರಳೂ ಸೋಕದಂತೆ ತಾನೇ ಪ್ರಯೋಗಾಲಯಕ್ಕೆ ಒಯ್ಯುವುದು. ಅದು ಖಾಲಿ ಎಂದಾದರೆ ಪುಡಿ ಉದುರಿಸಿದವಳು ಅವಳೇ.

ಗುರುವಾರ ಮುಂಜಾನೆ ಮೋಟಾರು ಸೈಕಲ್ ಹತ್ತಿದ. ದಾರಿಯಲ್ಲಿ ಸಂಬಾಯಾ ಎಂಬ ಊರಿದ್ದ ಜಾಗ ಸಿಕ್ಕಿತು. ಎರಡು ವರ್ಷದ ಹಿಂದೆ ಅಲ್ಲಿ ಚಿನ್ನ ಸಿಕ್ಕಿ, ಕಂಪನಿ ಊರನ್ನೇ ಎಬ್ಬಿಸಿದಾಗ ಜನ ತಮ್ಮ ಹಿರಿಯರ ಮೂಳೆಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಲಾರಿ ಹತ್ತಿದ್ದರು. ಈಗ ಅಲ್ಲಿ ಉಳಿದಿರುವುದು ಒಂದು ದೊಡ್ಡ ಹೊಂಡ. ಫಾದಿಯಾಲಾ ಆ ಕಡೆ ನೋಡದೆ ದುವಾ ಹೇಳಿಕೊಂಡು ದಾಟಿದ.

ಹಳ್ಳದಾಚೆ, ಕಂಪನಿಯ ನಕ್ಷೆಯ ಗೆರೆಯ ಹೊರಗೆ, ಅವನ ಊರು ತೊಂಬೊಲಾ. ಮೊದಲು ಖಾಲಿ ಮಣ್ಣು ದೂರದ ಪಟ್ಟಣದಿಂದ ಬರುತ್ತಿತ್ತು. ಮಳೆಗೆ ಸೇತುವೆ ಕೊಚ್ಚಿಹೋದ ಮೇಲೆ ಇಲ್ಲಿಯದೇ. ತೊಂಬೊಲಾದಲ್ಲಿ ಏನೂ ಇಲ್ಲವೆಂದು ಸುತ್ತಲಿನವರೆಲ್ಲ ಬಲ್ಲರು. ಅದನ್ನು ಪರೀಕ್ಷೆಗೆ ಹಚ್ಚುವ ಅಗತ್ಯ ಯಾರಿಗೂ ಕಂಡಿರಲಿಲ್ಲ.

ಸ್ಮಶಾನದ ಪಕ್ಕದ ಗುಂಡಿಗೆ ತಾಯಿ ಕೋಲೂರಿಕೊಂಡು ಬಂದಳು.

"ಮತ್ತೆ ಮಣ್ಣು ಒಯ್ತೀಯೇನೋ? ಅಷ್ಟು ದೊಡ್ಡ ಕಂಪನಿಗೆ ಮಣ್ಣಿಗೂ ಗತಿ ಇಲ್ವಾ?"

"ಇಷ್ಟು ಒಳ್ಳೇದು ಎಲ್ಲೂ ಸಿಗಲ್ಲಮ್ಮ."

"ನಿಮ್ಮಜ್ಜ ಇದ್ದಿದ್ರೆ ಕಾಲು ಮುರೀತಿದ್ರು." ಅವಳು ನಕ್ಕು, ಗೋಡೆಗೆ ಮಣ್ಣು ಮೆತ್ತುವಾಗ ಊರೆಲ್ಲ ಹೇಳುವ, ಅಜ್ಜ ಕುರಾನಿನ ಮೇಲೆ ಕೈಯಿಡಿಸಿ ಕಲಿಸಿದ ಸಾಲುಗಳನ್ನು ಗುನುಗಿದಳು:

ಗೋಡೆಗೆ ಬೇಕಾದಷ್ಟು ಅಗೆ,
ಗೋರಿಗೆ ಬೇಕಾದಷ್ಟು ಅಗೆ,
ಸೋರೆಬುರುಡೆಯಲಿ ತೊಳೆದೆಯೋ
ಗೋಡೆಯೂ ಇಲ್ಲ, ಗೋರಿಯೂ ಇಲ್ಲ.

ನದಿಯುದ್ದಕ್ಕೂ ಎಲ್ಲ ಊರಿನ ಹೆಂಗಸರೂ ಬುರುಡೆಯಲ್ಲಿ ಮಣ್ಣು ತೊಳೆದು ಚಿನ್ನ ಹುಡುಕುತ್ತಿದ್ದರು. ತೊಂಬೊಲಾದವರು ಮಾತ್ರ ಎಂದೂ ತೊಳೆದವರಲ್ಲ. ದುರಾಸೆ ಬೇಡವೆಂದು ಅಜ್ಜ ಹಾಕಿದ ಕಟ್ಟು ಎಂದೇ ಫಾದಿಯಾಲಾ ನಂಬಿದ್ದ.

ನಮಾಜಿಗೆ ತೊಳೆದಂತೆ ಮೊಣಕೈವರೆಗೆ ಕೈ ತೊಳೆದು ಅವನು ಚೀಲ ತುಂಬಿದ. ಬಾಯಿ ಹೊಲಿದು ಅರಗಿನ ಮುದ್ರೆ ಒತ್ತಿದ. ನಾಳೆ ಯಾರೂ ಚಕಾರ ಎತ್ತಬಾರದೆಂದು ಊರು, ಗುಂಡಿ, ದಿನ, ಗಂಟೆ ಎಲ್ಲವನ್ನೂ ಚೀಲದ ಮೇಲೆ ದಪ್ಪಕ್ಷರದಲ್ಲಿ ಬರೆದು ಸಹಿ ಹಾಕಿದ.

ಶುಕ್ರವಾರ ಪ್ರಯೋಗಾಲಯದಲ್ಲಿ ತಿಯೆಮೊಕೊ ಸಾಹೇಬರೂ ಇದ್ದರು. ಗೋಡೆಗೊರಗಿ ದುಸುಬಾ ನಿಂತಿದ್ದಳು, ಕಿವಿಯಲ್ಲಿ ಓಲೆಯಿಲ್ಲದೆ. ಮುದ್ರೆ ಒಡೆದದ್ದು ಎಲ್ಲರ ಕಣ್ಣೆದುರೇ. ಅರೆಯುವ ಯಂತ್ರಕ್ಕೆ ಮೊದಲು ಗಾಜಿನ ಚೂರು ಹಾಕಿ ಅರೆದು, ಒಳಗೆ ಅಂಟಿದ್ದ ಹಳೆಯ ಧೂಳು ತೆಗೆದರು. ಆ ಗಾಜನ್ನೂ ಪರೀಕ್ಷಿಸಿದರು. ಆಮೇಲೆ ಮಣ್ಣು. ಕುಲುಮೆ ಉಸಿರೆಳೆಯುತ್ತಿತ್ತು. ಫಾದಿಯಾಲಾನ ತುಟಿ ಅಲುಗುತ್ತಿತ್ತು: ಯಾ ಅಲ್ಲಾಹ್, ಸತ್ಯ ಹೊರಗೆ ಬರಲಿ.

ಮಧ್ಯಾಹ್ನದ ಪ್ರಾರ್ಥನೆಯ ಕರೆ ಮುಗಿಯುವ ಹೊತ್ತಿಗೆ ಪ್ರಯೋಗಾಲಯದ ಮುದುಕ ಹಾಳೆ ಹಿಡಿದು ಬಂದ.

"ಗಾಜು ಶುದ್ಧ. ಯಂತ್ರ ಶುದ್ಧ," ಅಂದ. "ಮಣ್ಣಲ್ಲಿ ಹಿಂದಿನ ಮೂರು ಚೀಲಕ್ಕಿಂತ ಎರಡು ಪಟ್ಟು ಚಿನ್ನ."

ದುಸುಬಾ ಮೊದಲು ನಿಟ್ಟುಸಿರು ಬಿಟ್ಟಳು. ಆಮೇಲೆ ಫಾದಿಯಾಲಾನ ಮುಖ ನೋಡಿ, ಬಿಟ್ಟ ಉಸಿರನ್ನು ಮತ್ತೆ ಹಿಡಿದಳು.

ತಿಯೆಮೊಕೊ ಸಾಹೇಬರ ಮುಖ ಅರಳಿತು. "ಇವಳದೂ ತಪ್ಪಿಲ್ಲ, ನಿನ್ನದೂ ಇಲ್ಲ. ಇಂಥ ಅಚ್ಚುಕಟ್ಟು ಕೆಲಸ ನಾನು ನೋಡೇ ಇರ್ಲಿಲ್ಲ ಕಣಯ್ಯ." ಮಣ್ಣು ಸುರಿದಿಟ್ಟ ಚೀಲವನ್ನು ತಿರುಗಿಸಿ ದಪ್ಪಕ್ಷರ ಓದಿದರು. ನಕ್ಷೆ ಬಿಡಿಸಿ, ಹಳ್ಳದಾಚೆಗೆ ಬೆರಳು ಜರುಗಿಸಿ, ಕೆಂಪು ಪೆನ್ನಿನಿಂದ ತೊಂಬೊಲಾದ ಸುತ್ತ ಒಂದು ಗೆರೆ ಎಳೆದರು.

ಅಜ್ಜ ಆಣೆ ಹಾಕಿಸಿದ್ದು ಆ ಮಣ್ಣು ಬರಿದೆಂದಲ್ಲ, ಬರಿದಲ್ಲವೆಂದು ಗೊತ್ತಿದ್ದೇ.