ಬದಾಮಿ ಬಿಟ್ಟು

"ಬದಾಮಿ ಬಿಟ್ಟು ಬ್ಯಾರೆ ಯಾವದಾದರೂ ಊರು ಹೇಳು," ಎಂದರು ವಕೀಲ ಬಾಳಕೃಷ್ಣರಾಯರು.

ಅಂಬಾಬಾಯಿ ಗಂಡನ ಮುಖ ನೋಡಿದಳು. ನಾತಾಳದ ಸೂಟಿಗೆ ಎಲ್ಲಿಗೆ ಹೋಗೋಣವೆಂದು ಕೇಳಿದವರು ಅವರೇ. ಹದಿನಾರು ವರ್ಷದ ಸಂಸಾರದಲ್ಲಿ ಇಂಥ ಮಾತು ಅವಳನ್ನು ಕೇಳಿದ್ದು ಇದೇ ಮೊದಲು. ಕ್ರಿಸ್‌ಮಸ್ಸಿಗೆಂದು ಕೋರ್ಟಿಗೆ ಎಂಟು ದಿನ ರಜೆ. ಕಳೆದ ತಿಂಗಳು ಕೊಂಡ ಹಳೇ ಮೋಟಾರು ಅಂಗಳದಲ್ಲಿ ನಿಂತಿತ್ತು. ಮುಂಜಾನೆ ಧಾರವಾಡ ಬಿಟ್ಟರೆ ಸಂಜೆಯೊಳಗೆ ಮುಟ್ಟುವಂಥ ಊರಾಗಬೇಕು, ಅಷ್ಟೇ ಕರಾರು. ಮಗ ದತ್ತು ಕಾರವಾರದ ಸಮುದ್ರ ಬೇಕೆಂದ. ಮಗಳು ರಜನಿ ಗೋಕಾಕದ ಧಬಧಬಿ ಎಂದಳು. "ಈ ಥಂಡ್ಯಾಗ ಅಲ್ಲೆ ನೀರೆಲ್ಲಿ ಇರ್ತದ? ಬರೇ ಕಲ್ಲು ನೋಡಿ ಬರ್ತೀಯೇನು?" ಎಂದು ಅಜ್ಜಿ ತಾರಾಬಾಯಿ ಅವಳನ್ನು ಚೇಷ್ಟೆ ಮಾಡಿದ್ದರು. ಆಮೇಲೆ ಅಂಬಾಬಾಯಿಯ ಸರದಿ.

"ಬದಾಮಿ ಯಾಕ ಬ್ಯಾಡ್ರಿ? ಗುಡ್ಡ ಅದ, ಕೆರಿ ಅದ, ಗವಿ ಅವ. ಹುಡುಗರು ನೋಡೂವಂಥಾ ಊರು."

"ರಸ್ತಾ ಛಲೋ ಇಲ್ಲ."

"ಕಾರವಾರದ ಘಟ್ಟ ಭಾಳ ಛಲೋ ಅದ ಏನು?"

"ಗಂಡಸರು ಬ್ಯಾಡ ಅಂದಮ್ಯಾಲ ಯಾಕವ್ವಾ ಹಟ?" ಎಂದರು ತಾರಾಬಾಯಿ.

"ಹಟ ಅಲ್ಲ ಅತ್ಯಾ. ಹಟ ಬಿಟ್ಟೇನಿ," ಎಂದು ಅಂಬಾಬಾಯಿ ನಕ್ಕಳು. ವೈಶಾಖದಲ್ಲಿ ದತ್ತುವಿನ ಮುಂಜಿಗೆ ಬದಾಮಿಯಿಂದ ಅವಳ ತಾಯಿ ಬರಲಿಲ್ಲ. ಸೋದರಮಾವನಾಗಿ ನಿಲ್ಲಬೇಕಾದ ತಮ್ಮ ವೆಂಕಣ್ಣನೂ ಬರಲಿಲ್ಲ. ತವರಿನವರು ಎಲ್ಲಿ ಎಂದು ಬಂದ ಹೆಂಗಸರೆಲ್ಲ ಕೇಳಿದ್ದರು. 'ಏನೋ ಸಿಟ್ಟಿರಬೇಕು' ಎಂದು ತಾರಾಬಾಯಿ ಅವರಿಗೆ ಉತ್ತರ ಕೊಟ್ಟಿದ್ದರು. ಅಂಬಾಬಾಯಿ ಉಗ್ರಾಣದ ಬಾಗಿಲು ಹಾಕಿಕೊಂಡು ಅತ್ತು, ಮುಖ ತೊಳೆದು, ಮತ್ತೆ ಪಂಕ್ತಿಗೆ ಬಡಿಸಲು ಬಂದಿದ್ದಳು. ಅಂದಿನಿಂದ ತವರಿಗೆ ಒಂದು ಕಾರ್ಡು ಬರೆದಿರಲಿಲ್ಲ. ಅವ್ವನೇ ಮೊದಲು ಬರೆಸಲಿ ಎಂದು ಏಳು ತಿಂಗಳು ಬಿಗಿದುಕೊಂಡು ಕೂತಿದ್ದಳು.

"ನಮ್ಮವ್ವಗೂ ವಯಸ್ಸಾತು. ಮೋಟಾರಿನ್ಯಾಗ ಹೋಗಿ, ಬಾಗಲದಾಗ ಇಳಿದು, ಎದುರಿಗೇ ನಿಂತು ಜಗಳಾ ಮಾಡ್ತೇನಿ. ಆಮ್ಯಾಲ ಆಕಿ ಕೈಯಾಗಿನ ಭಕ್ರಿ ತಿಂದು ಬರ್ತೇನಿ."

ಯಾರೂ ನಗಲಿಲ್ಲ. ರಾಯರು ತಾಯಿಯ ಕಡೆ ನೋಡಿದರು. ತಾರಾಬಾಯಿ ನೆಲ ನೋಡುತ್ತ, "ರಜನಿ, ದತ್ತೂನ್ನ ಕರಕೊಂಡು ಹೊರಗ ಆಡ ಹೋಗು," ಎಂದರು.

"ಕಾರವಾರಕ್ಕ ಹೋಗಿಬರೋಣು," ಎಂದರು ರಾಯರು. "ಬಂದಮ್ಯಾಲ ನಿನಗ ಒಂದು ಮಾತು ಹೇಳೂದದ."

"ಈಗ ಹೇಳ್ರಿ."

"ಸೂಟಿ ಮುಗೀಲಿ..."

"ಈಗ ಹೇಳ್ರಿ."

"ನಿಮ್ಮವ್ವ ತೀರಿಕೊಂಡ್ರು. ವೈಶಾಖದಾಗ."

ಮುಂಜಿಗೆ ಎರಡು ದಿನವಿದ್ದಾಗ ವೆಂಕಣ್ಣನ ಪತ್ರ ಬಂದಿತ್ತು. ಮಗಳ ಕಿವಿಗೆ ಬಿದ್ದರೆ ಮೂರು ದಿನ ಸೂತಕ. ವಟುವಿನ ತಾಯಿ ಮಣೆಯ ಮೇಲೆ ಕೂಡುವಂತಿಲ್ಲ, ಮುಂಜಿಯೇ ನಿಲ್ಲುತ್ತದೆ. ಕಿವಿಗೆ ಬೀಳದಿದ್ದರೆ ಸೂತಕವೂ ಇಲ್ಲ. ಸಾವಿನ ಪತ್ರ ಒಳಗೆ ತರಬಾರದೆಂದು ರಾಯರು ಬಾಗಿಲಲ್ಲೇ ಹರಿದು ಹಾಕಿದ್ದರು.

"ಮುಂಜಿ ಆದಕೂಡಲೇ ಹೇಳಬೇಕಂತನೇ ಇತ್ತು. ಬಂದ ಮಂದಿ ಹೋಗಲಿ ಅಂದ್ವಿ. ಅಷ್ಟರಾಗ ಶ್ರಾವಣ ಬಂತು, ನೀ ಗೌರಿ ಕೂಡಿಸಿದ್ದಿ. ಆಮ್ಯಾಲ ದಸರಿ. ದೀಪಾವಳಿ ಎದುರಿಗಿಟಗೊಂಡು ಹ್ಯಾಂಗ ಹೇಳೂದು..."

"ಈಗ ಸೂಟಿ ಬಂತು," ಎಂದಳು ಅಂಬಾಬಾಯಿ. ಅದು ತನ್ನದೇ ದನಿಯೆಂದು ಅವಳಿಗೆ ಗುರುತು ಸಿಗಲಿಲ್ಲ. ಏಳು ತಿಂಗಳು ಅವಳು ಸಿಟ್ಟು ಮಾಡಿಕೊಂಡದ್ದು ಯಾರ ಮೇಲೆ? ಕುಂಕುಮ ಹಚ್ಚಿಕೊಳ್ಳುವಾಗ, ಅಕ್ಕಿ ಆರಿಸುವಾಗ, ಮನಸ್ಸಿನಲ್ಲೇ ಬೈದದ್ದು ಯಾರನ್ನು?

"ವೆಂಕಣ್ಣಗ ಏನಂತ ಬರದ್ರಿ?"

"ನಿನಗ ನಾನೇ ಹೇಳ್ತೇನಿ, ನೀನೇನೂ ಬರೀಬ್ಯಾಡ ಅಂತ."

ಹಾಗಾದರೆ ಅಕ್ಕನಿಗೆ ಸುದ್ದಿ ಮುಟ್ಟಿದೆ ಎಂದೇ ವೆಂಕಣ್ಣ ತಿಳಿದಿದ್ದಾನೆ. ಮುಟ್ಟಿಯೂ ಅಕ್ಕ ಬರಲಿಲ್ಲ. ಅವ್ವ ಸತ್ತರೂ ಒಂದು ಕಾರ್ಡು ಬರೆಯಲಿಲ್ಲ. ಬದಾಮಿಯ ಆ ಓಣಿಯಲ್ಲೆಲ್ಲ ಇಷ್ಟು ಹೊತ್ತಿಗೆ ಅದೇ ಮಾತು.

"ಕೇಳಿದಮ್ಯಾಲ ಹಿಂಗ ಕೂಡಬಾರದು," ಎಂದು ತಾರಾಬಾಯಿ ಎರಡು ಮಾರು ದೂರ ಸರಿದು ನಿಂತರು. "ಏಳವ್ವಾ, ತಲಿ ಮ್ಯಾಲ ನೀರು ಹಾಕ್ಕೋ. ಮೂರು ದಿನ ಲಗೂ ಕಳೀತಾವ. ಸೂಟಿ ಇನ್ನೂ ಉಳೀತದ."

ಉಟ್ಟ ಸೀರೆಯ ಮೇಲೆಯೇ ನಾಲ್ಕು ತಂಬಿಗೆ ತಣ್ಣೀರು ಸುರಿದುಕೊಂಡು ಅಂಬಾಬಾಯಿ ಬಚ್ಚಲ ಬಾಗಿಲಿಗೆ ಬಂದು ನಿಂತಳು. ಅಳು ಬರಲಿಲ್ಲ. ಹಲ್ಲು ಮಾತ್ರ ಕಟಕಟ ಬಡಿಯುತ್ತಿದ್ದವು.

"ಪತ್ರ ಬಂದಾಗ ನಾ ಏನು ಮಾಡ್ಲಿಕ್ಕತ್ತಿದ್ದೆ?"

ತಾರಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರ ದನಿಯಲ್ಲಿ ನಿಜವಾದ ಪ್ರೀತಿಯಿತ್ತು.

"ಹಿತ್ತಲದಾಗ ಮುತ್ತೈದೇರ ಜೋಡಿ ಅರಿಶಿಣ ಕುಟ್ಟಲಿಕ್ಕತ್ತಿದ್ದಿ. ಹಾಡು ನೀನೇ ಹೇಳ್ಲಿಕ್ಕತ್ತಿದ್ದಿ. ಎಷ್ಟು ಛಂದ ಹೇಳ್ಲಿಕ್ಕತ್ತಿದ್ದಿ ಅಂದ್ರ, ನಿಲ್ಲಸಲಿಕ್ಕೆ ನನಗ ಮನಸಾಗಲಿಲ್ಲವ್ವಾ."