ಕಾಣದ ಹುಡುಗಿಯ ಇಪ್ಪತ್ತನೆಯ ಟೇಕ್

ಹತ್ತೊಂಬತ್ತನೆಯ ಟೇಕ್ ಕೂಡ ಕೆಟ್ಟಿತು...

"ಸಾಕು ಸಿಂಚನಾ," ಎಂದರು ಡಬ್ಬಿಂಗ್ ಡೈರೆಕ್ಟರ್ ಮುರಳೀಧರ್, ಗಾಜಿನ ಆಚೆಯಿಂದ. "ಯಾರೂ ಇಲ್ಲದ ಕಡೆ ತಿರುಗಿ ಮಾತಾಡ್ತಿದ್ದೀಯ ಅಂತ ಗೊತ್ತಾಗ್ತಿದೆ."

ಸಿಂಚನಾ ಪಕ್ಕದ ಖಾಲಿ ಜಾಗ ನೋಡಿದಳು. ಯಾರೂ ಇರಲಿಲ್ಲವಲ್ಲ...

ಅದು ಐವರು ಹುಡುಗಿಯರ ಕಥೆಯ ಒಂದು ಜಪಾನೀ ಅನಿಮೇ, ಕಾರ್ಟೂನ್ ಸರಣಿ. ಒಬ್ಬೊಬ್ಬಳಿಗೆ ಒಂದೊಂದು ವಿಚಿತ್ರ ಶಕ್ತಿ. ಕನ್ನಡದಲ್ಲಿ ಮೊದಲ ಸೀಸನ್ ಚೆನ್ನಾಗಿ ಓಡಿತ್ತು. ಈಗ ಎರಡನೆಯದಕ್ಕೆ ಡಬ್ಬಿಂಗ್ ನಡೆದಿತ್ತು.

ಸಿಂಚನಾ ಧ್ವನಿ ಕೊಡುತ್ತಿದ್ದದ್ದು ಕಣ್ಣಿಗೆ ಕಾಣದಂತಾಗುವ ಹುಡುಗಿಗೆ. ಅವಳು ಎಲ್ಲಿ ಮಾಯವಾದರೂ ಪತ್ತೆ ಹಚ್ಚುವವಳು ಒಬ್ಬಳೇ... ಎಷ್ಟು ದೂರದಿಂದಲಾದರೂ ಎದೆಬಡಿತ ಕೇಳಿಸಿಕೊಳ್ಳಬಲ್ಲ ಗೆಳತಿ.

ಪರದೆಯ ಮೇಲೆ ಇಬ್ಬರದೂ ಒಂದೇ ಜೀವ. ಅವರಿಗೆ ಧ್ವನಿ ಕೊಟ್ಟವರು ಮಾತ್ರ ಎಂದೂ ಭೇಟಿಯಾಗಿರಲಿಲ್ಲ.

ಡಬ್ಬಿಂಗ್ ಈಗ ಹಾಗೆಯೇ... ಒಬ್ಬೊಬ್ಬರೇ ಬರುತ್ತಾರೆ, ತಮ್ಮ ಪಾಲಿನ ಮಾತು ಹೇಳಿ ಹೋಗುತ್ತಾರೆ. ಸಿಂಚನಾಳ ಸರದಿ ಯಾವಾಗಲೂ ಮೊದಲು. ಗೆಳತಿ ಮಾತಾಡಬೇಕಾದ ಜಾಗದಲ್ಲಿ ಆಗ ಬರೀ ಮೌನ.

ಆ ಮೌನದ ಜೊತೆಯೇ ಅವಳು ಮಾತಾಡುತ್ತಿದ್ದಳು. ಮೊದಲ ಸೀಸನ್‌ನಿಂದಲೂ ಹಾಗೆಯೇ, ಒಂದು ಟೇಕ್ ಮುಗಿದು ಇನ್ನೊಂದು ಶುರುವಾಗುವ ಮುಂಚೆ, ಪರದೆಯ ಮೇಲಿನ ಗೆಳತಿಯ ಮುಖ ನೋಡುತ್ತಾ...

"ಲೇ, ಇವತ್ತು ನನ್ನ ಬರ್ತ್‌ಡೇ ಕಣೇ. ಪಿಜಿಯಲ್ಲಿ ಯಾರಿಗೂ ಗೊತ್ತಿಲ್ಲ." ಇನ್ನೊಂದು ದಿನ ಜ್ವರದ ಮಾತು, ಮತ್ತೊಂದು ದಿನ ಪಿಜಿಯ ನೀರು ಸಾರಿನ ದೂರು.

ಎಪಿಸೋಡ್ ಬಿಡುಗಡೆಯಾದ ದಿನ ಊಟದ ತಟ್ಟೆಯ ಮುಂದೆ ಫೋನ್ ಒರಗಿಸಿ ಗೆಳತಿಯ ಧ್ವನಿ ಕೇಳುವಳು. ಇಷ್ಟು ದೊಡ್ಡ ಬೆಂಗಳೂರಿನಲ್ಲಿ ಅವಳನ್ನು ಹುಡುಕಿಕೊಂಡು ಬರುತ್ತಿದ್ದ ಧ್ವನಿ ಅದೊಂದೇ...

ಹೊಸ ಸೀಸನ್‌ನಲ್ಲಿ ಕಾಣದ ಹುಡುಗಿಗೆ ಮತ್ತೆ ಎಲ್ಲರಿಗೂ ಕಾಣಿಸಿಕೊಳ್ಳುವ ಶಕ್ತಿಯೇ ಹೋಗಿಬಿಡುತ್ತದೆ. ಅವಳು ಗೆಳತಿಯನ್ನು ಕೂಗಬೇಕು, ಒಂದೇ ಒಂದು ಸಲ.

"ನಾನು ಇಲ್ಲೇ ಇದ್ದೀನಿ... ಕೇಳಿಸ್ತಿದೆಯಾ?"

ಅಷ್ಟೇ ಮಾತು. ಇಡೀ ಸೀಸನ್ ಅದರ ಮೇಲೆ ನಿಂತಿತ್ತು.

"ಊಟ ಮಾಡ್ಕೊಂಡು ಬರ್ತೀನಿ," ಎಂದು ಮುರಳೀಧರ್ ಎದ್ದರು. "ಸಂಜೆಯೊಳಗೆ ಈ ಟೇಕ್ ಸರಿ ಬರ್ಲಿಲ್ಲ ಅಂದ್ರೆ ಈ ಪಾತ್ರಕ್ಕೆ ಬೇರೆ ಹುಡುಗೀನ ಕರೀಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಮ್ಮ."

ಸಿಂಚನಾ ಊಟಕ್ಕೆ ಹೋಗಲಿಲ್ಲ. ಸೌಂಡ್ ಎಂಜಿನಿಯರ್ ಲೋಹಿತ್‌ನನ್ನು ಕೇಳಿದಳು, "ಒಂದ್ಸಲ ಆ ಗೆಳತಿ ಪಾತ್ರದವಳ ಧ್ವನಿ ಹಾಕ್ತೀರಾ? ಕೇಳಿದ್ರೆ ಬರಬಹುದೇನೋ."

"ಈ ಸೀಸನ್‌ದು ಇನ್ನೂ ಆಗಿಲ್ಲ. ಹೋದ್ಸಲದ್ದಿದೆ. ಆದ್ರೆ ಕ್ಲೀನ್ ಮಾಡೋ ಮುಂಚಿನದು, ಕೆಮ್ಮು ಗಿಮ್ಮು ಎಲ್ಲಾ ಇರುತ್ತೆ."

"ಇರಲಿ ಹಾಕ್ರೀ."

ಹೆಡ್‌ಫೋನ್‌ನಲ್ಲಿ ಗೆಳತಿಯ ಮಾತುಗಳು ಬಂದವು. ಒಂದು ಕೆಮ್ಮು. ಹಾಳೆ ತಿರುವಿದ ಸದ್ದು. ಆಮೇಲೆ ಅದೇ ಧ್ವನಿ, ಸ್ಕ್ರಿಪ್ಟ್‌ನಲ್ಲಿ ಎಲ್ಲೂ ಇಲ್ಲದ ಮಾತು...

"ಅಯ್ಯೋ ಪುಟ್ಟೀ, ಬರ್ತ್‌ಡೇನಾ? ತಲೆಗೆ ಎಣ್ಣೆ ಇಡೋಕೂ ಯಾರೂ ಇಲ್ವಾ ಅಲ್ಲಿ?"

ಸಿಂಚನಾ ಕುರ್ಚಿಯ ಕೈ ಹಿಡಿದುಕೊಂಡಳು.

"ಜ್ವರ ಅಂತಿದ್ಯಲ್ಲ, ಬಿಡ್ತಾ?... ಸಾರು ನೀರಾಗಿದ್ರೆ ಸುಮ್ನೆ ತಿನ್ಬೇಡ, ಜಗಳ ಆಡು!"

ಸಿಂಚನಾ ಟೇಕ್‌ಗಳ ನಡುವೆ ಗೊಣಗಿದ್ದೆಲ್ಲ ರೆಕಾರ್ಡ್ ಆಗಿ ಗೆಳತಿಯ ಹೆಡ್‌ಫೋನ್‌ಗೆ ಹೋಗಿತ್ತು. ಒಂದೊಂದಕ್ಕೂ ಉತ್ತರ ಬಂದಿತ್ತು. ಆದರೆ ಸಿಂಚನಾ ಮೊದಲು ಮಾತಾಡಿ ಹೊರಟುಹೋಗುತ್ತಿದ್ದಳಲ್ಲ... ಅವಳಿಗೆ ತಲುಪಿದ್ದು ಇವತ್ತು.

"ಲೋಹಿತ್... ಯಾರ್ರೀ ಇವಳು? ನನ್ನ ವಯಸ್ಸಿನವಳಾ?"

ಲೋಹಿತ್ ಜೋರಾಗಿ ನಕ್ಕ. "ಇವಳಂತೆ, ಇವಳು! ವನಮಾಲಾ ಮೇಡಂ ಕಣ್ರೀ. ಅರವತ್ತೊಂದು ವರ್ಷ. ಅವರನ್ನ ನೀವು ಲೇ ಲೇ ಅಂತ ಕರೀತಿದ್ರಿ."

"ಮತ್ತೆ ಈ ಸೀಸನ್‌ಗೆ ಯಾವಾಗ ಬರ್ತಾರೆ?"

ಅವನ ನಗು ನಿಂತಿತು. "ಗಂಟಲು ಆಪರೇಷನ್ ಆಯ್ತು. ಮಾತು ಹೊರಡ್ತಿಲ್ಲ. ವಾಪಸ್ ಬರುತ್ತೋ ಇಲ್ವೋ ಡಾಕ್ಟರಿಗೂ ಗೊತ್ತಿಲ್ವಂತೆ. ಪಾಪ, ಒಬ್ಬರೇ ಇರೋದು."

ಸಿಂಚನಾ ಹೆಡ್‌ಫೋನ್ ತೆಗೆದು ಕೆಳಗಿಟ್ಟಳು.

"ಕಿವಿ ಕೇಳುತ್ತಲ್ಲಾ?"

ಲೋಹಿತ್ ವನಮಾಲಾ ಅವರ ನಂಬರ್ ಒತ್ತಿದ. ಆ ಕಡೆ ಯಾರೋ ಫೋನ್ ಎತ್ತಿದರು. ಹಲೋ ಇಲ್ಲ... ಉಸಿರು ಮಾತ್ರ.

ಮುರಳೀಧರ್ ಊಟ ಮುಗಿಸಿ ಬಂದಾಗ ಮೈಕಿನ ಪಕ್ಕ, ಸ್ಕ್ರಿಪ್ಟ್ ಇಡುವ ಜಾಗದಲ್ಲಿ, ಸ್ಪೀಕರ್ ಆನ್ ಮಾಡಿದ ಫೋನ್ ಇತ್ತು. ಅದನ್ನು ನೋಡಿದವರು ಕುರ್ಚಿ ಎಳೆದುಕೊಂಡು ಕುಳಿತರು.

ರೆಕಾರ್ಡಿಂಗ್‌ನ ಕೆಂಪು ದೀಪ ಹತ್ತಿತು.

"ನಾನು ಇಲ್ಲೇ ಇದ್ದೀನಿ..." ಧ್ವನಿ ಒಡೆಯಿತು. "ಕೇಳಿಸ್ತಿದೆಯಾ?"

ಮೌನ...

ಆಮೇಲೆ ಫೋನಿನ ಆ ಕಡೆಯಿಂದ, ಬೆರಳಲ್ಲಿ ಬಡಿದ ಸದ್ದು.

ಟಕ್... ಟಕ್.

ಸ್ವಲ್ಪ ತಡೆದು, ಮತ್ತೊಮ್ಮೆ. ಟಕ್... ಟಕ್.

ಮುರಳೀಧರ್ ಓಕೆ ಹೇಳುವುದನ್ನೇ ಮರೆತು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಆ ಎಪಿಸೋಡ್ ಬಂದಾಗ ತುಂಬಾ ಜನ ಕಾಮೆಂಟ್ ಹಾಕಿದರು... "ಕೊನೆಯಲ್ಲಿ ಬರೋ ಎದೆಬಡಿತದ ಸೌಂಡ್ ಸೂಪರ್!"

ಕ್ಲೀನ್ ಮಾಡುವಾಗ ಲೋಹಿತ್ ಆ ಬೆರಳ ಸದ್ದನ್ನು ಅಳಿಸಿರಲಿಲ್ಲ.

ಉತ್ತರ ಬರಲಿಲ್ಲ ಎಂದರೆ ಯಾರೂ ಕೇಳಿಸಿಕೊಳ್ಳಲಿಲ್ಲ ಎಂದಲ್ಲ.

ನಿಮ್ಮ ಮಾತನ್ನು ಸದ್ದಿಲ್ಲದೆ ಕೇಳಿಸಿಕೊಂಡವರು ಒಬ್ಬರಾದರೂ ಇದ್ದಾರೆ... ಇವತ್ತು ಅವರು ಹೇಗಿದ್ದಾರೆಂದು ನಿಮಗೆ ಗೊತ್ತೇ?