ಹನ್ನೊಂದು ಬಿಳಿ ಎಲೆ

ಕಬ್ಬಿಣದ ಗ್ರಿಲ್‌ಗೆ ಮೂರು ಸಾವಿರದ ಎಂಟುನೂರು. ಬೀಗಕ್ಕೆ ಇನ್ನೂರ ನಲವತ್ತು. ತೆಂಗಿನ ನಾರು ಸುತ್ತಿದ ಆಸರೆ ಕೋಲಿಗೆ ನೂರೈವತ್ತು. ಗಿಡಕ್ಕೆ ಮಾತ್ರ ಚಿಣ್ಣಮ್ಮ ಬೆಲೆ ಕಟ್ಟಿರಲಿಲ್ಲ. ಗಂಡ ಮೇಜರ್ ಪೊನ್ನಣ್ಣ ಅದರ ತುಂಡೊಂದನ್ನು ಸಿಂಗಾಪುರದಿಂದ ಶೇವಿಂಗ್ ಡಬ್ಬಿಯಲ್ಲಿಟ್ಟು ತಂದಿದ್ದರು. ಮರುವರ್ಷ ಅವರೇ ಇರಲಿಲ್ಲ. ವಸಂತ್ ಕುಂಜ್‌ನ ಆ ನೆಲಮಹಡಿಯ ಫ್ಲಾಟಿನಲ್ಲಿ ಗಂಡನ ಕೈಯಿಂದ ಬಂದು ಇನ್ನೂ ಉಸಿರಾಡುತ್ತಿದ್ದದ್ದು ಅದೊಂದೇ.

ಹೆಸರು ಮಾನ್‌ಸ್ಟೆರಾ. ಸೀಳುಸೀಳಾದ ದೊಡ್ಡ ಎಲೆ, ಅರ್ಧ ಹಸಿರು, ಅರ್ಧ ಹಾಲುಬಿಳುಪು. 2007ರ ದೆಹಲಿಯಲ್ಲಿ ಅಂಥದ್ದನ್ನು ಕಂಡವರು ಕಡಿಮೆ.

ಯಾರೋ ಅದರ ಮೇಲೆ ಕಣ್ಣಿಟ್ಟಿದ್ದಾರೆ ಎಂಬುದು ಚಿಣ್ಣಮ್ಮನಿಗೆ ಜುಲೈನಲ್ಲೇ ಗೊತ್ತಾಗಿತ್ತು. ಮೇಲಿನ ಮಹಡಿಗೆ ಹೊಸದಾಗಿ ಬಂದ ಕನ್ನಡದ ಹುಡುಗ ವರುಣ್ ಆಫೀಸಿಗೆ ಹೋಗುವಾಗ ಬಾಲ್ಕನಿಯ ಮುಂದೆ ನಿಲ್ಲುತ್ತಿದ್ದ. ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದ. ಒಂದು ಸಂಜೆ ಕೈ ಚಾಚಿ ಎಲೆ ತಿರುಗಿಸಿ ನೋಡುತ್ತಲೇ ಸಿಕ್ಕಿಬಿದ್ದ.

"ಬಿಳಿ ಜಾಸ್ತಿ ಆಗ್ತಾ ಇದೆ ಆಂಟಿ," ಎಂದ. "ಒಂದು ಕುಡಿ ನನ್ನ ಹತ್ರ ಇರ್ಲಿ. ಸೇಫ್ ಆಗಿರುತ್ತೆ."

ಮಾರನೆಯ ದಿನವೇ ಗ್ರಿಲ್ಲು ಬಂತು, ಬೀಗ ಬಂತು.

ಬೀಗದ ಒಳಗೆ ಬರುತ್ತಿದ್ದವಳು ಸುಮಿತ್ರಾ ಒಬ್ಬಳೇ. ಕನ್ನಡ ಸಂಘದಲ್ಲಿ ಪರಿಚಯವಾದ, ಎಂಟು ವರ್ಷದ ಗೆಳತಿ. ಪ್ರತಿ ಭಾನುವಾರ ಮಯೂರ್ ವಿಹಾರಿನಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಅವತ್ತು ವರುಣ್‌ಗೆ ಡ್ಯೂಟಿ. ಚಿಣ್ಣಮ್ಮನಿಗೆ ಅದೇ ನೆಮ್ಮದಿ. ಹಸಿರು ಕುಡಿಯನ್ನು ಬಿಟ್ಟರೆ ಅದು ಬಿಳಿಯನ್ನು ನುಂಗಿಬಿಡುತ್ತದೆ ಎಂದು ಕಲಿಸಿದವಳು ಸುಮಿತ್ರಾಳೇ. ಬ್ಲೇಡನ್ನು ಡೆಟ್ಟಾಲಿನಲ್ಲಿ ಒರೆಸುತ್ತಿದ್ದಳು. ಚಿಣ್ಣಮ್ಮ ದಂಟು ಹಿಡಿದುಕೊಳ್ಳುತ್ತಿದ್ದರು. ಅವಳು ಹಸಿರು ಕಂಡ ಕುಡಿಯನ್ನೆಲ್ಲ ಗೆಣ್ಣಿನ ಸಮೇತ ಕತ್ತರಿಸಿ, ಒದ್ದೆ ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು.

"ಇಲ್ಲೇ ಡಬ್ಬಿಗೆ ಹಾಕು ಮಾರಾಯ್ತಿ, ಕಸಾನ ಬಸ್ಸಲ್ಲಿ ಯಾಕೆ ಹೊರ್ತೀಯ?"

"ಇದರ ರಸ ತಾಗಿದ್ರೆ ತುರಿಕೆ ಅಕ್ಕಾ. ನಿಮ್ಮ ಕೆಲಸದವಳು ಯಾಕೆ ಒದ್ದಾಡ್ಬೇಕು?"

ದೀಪಾವಳಿಯ ಹೊತ್ತಿಗೆ ಗಿಡದಲ್ಲಿ ಹನ್ನೊಂದು ಎಲೆಗಳಿದ್ದವು. ಹನ್ನೊಂದೂ ಕಾಗದದಂತೆ ಬಿಳಿ. ಅಕ್ಕಪಕ್ಕದವರು ನೋಡಲು ಬಂದರು. ಚಿಣ್ಣಮ್ಮ ಬೆಳಿಗ್ಗೆ ಎಣಿಸುತ್ತಿದ್ದರು, ಸಂಜೆ ಎಣಿಸುತ್ತಿದ್ದರು. ಒಂದೂ ಕಡಿಮೆಯಾಗಲಿಲ್ಲ. ವರುಣ್ ಈಗ ರಸ್ತೆಯಿಂದಲೇ ನೋಡಿ ಮುಖ ಸಣ್ಣ ಮಾಡಿಕೊಂಡು ಹೋಗುತ್ತಿದ್ದ.

ಡಿಸೆಂಬರಿನಲ್ಲಿ ಅಂಚು ಕಂದಿತು. ಜನವರಿಯಲ್ಲಿ ಎಲೆಗಳು ಒಂದೊಂದಾಗಿ ಬಿದ್ದವು. ದಂಟು ಹಿಡಿದರೆ ಬೆಂದ ಗೆಣಸಿನಂತೆ ಮೆತ್ತಗಾಗಿತ್ತು.

ಗಿಡ ಸಿಗದ ಸಿಟ್ಟಿಗೆ ಏನೋ ಸುರಿದಿದ್ದಾನೆ ಎಂದು ಚಿಣ್ಣಮ್ಮ ವರುಣ್ ಮೇಲೆ ಸೊಸೈಟಿಗೆ ದೂರು ಕೊಟ್ಟರು. ನಾಲ್ಕು ಜನರ ಎದುರು ಅವನನ್ನು ನಿಲ್ಲಿಸಿ ಕೇಳಿದರು. ತಾನು ಮುಟ್ಟಿಲ್ಲ ಎಂದಷ್ಟೇ ಹೇಳಿ ಅವನು ತಲೆ ತಗ್ಗಿಸಿದ.

ಕೊನೆಗೆ ನರ್ಸರಿಯ ಭಯ್ಯಾ ಬಂದು ಬೇರು ಬಿಡಿಸಿ ನೋಡಿದ. ವಿಷವಿಲ್ಲ, ಗಿಡ ಹಸಿದು ಸತ್ತಿದೆ ಎಂದ. ಅನ್ನ ಬೇಯಿಸುವುದು ಹಸಿರು, ಬಿಳಿ ಬರೀ ಕೂತು ತಿನ್ನುತ್ತದೆ. ಹಸಿರೆಲ್ಲ ಎಲ್ಲಿ ಹೋಯಿತು ಎಂದು ಕೇಳಿದ. ಕತ್ತರಿಸಿದೆವು ಎಂದರು ಚಿಣ್ಣಮ್ಮ. ಅವನು ಲೊಚಗುಟ್ಟಿದ. ಆ ಕುಡಿಗಳ ದಂಟಿನಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಇದ್ದಿದ್ದರೂ ಸಾಕಿತ್ತು, ನೆಟ್ಟರೆ ಮತ್ತೆ ಇಂಥದೇ ಗಿಡ ಬರುತ್ತಿತ್ತು ಎಂದ.

ಸುದ್ದಿ ಕೇಳಿ ಸುಮಿತ್ರಾ ಫೋನಿನಲ್ಲೇ ಅತ್ತಳು. ತನಗೂ ತಿಳಿದಿರಲಿಲ್ಲ ಎಂದಳು. ಚಿಣ್ಣಮ್ಮನೇ ಅವಳಿಗೆ ಸಮಾಧಾನ ಹೇಳಿದರು.

ಮಾರ್ಚಿನಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ವರುಣ್. ಕೈಯಲ್ಲಿ ಕುಂಡ. ಕುಂಡದಲ್ಲಿ ಎರಡು ಎಲೆ, ಅರ್ಧ ಹಸಿರು, ಅರ್ಧ ಬಿಳಿ. ಚಿಣ್ಣಮ್ಮ ಎಲೆ ತಿರುಗಿಸಿ ನೋಡಿದರು. ಎರಡು ತಿಂಗಳು ಹುಡುಕಿದೆ, ಕೊನೆಗೆ ಆಫೀಸಿನವರೊಬ್ಬರು ಮಯೂರ್ ವಿಹಾರಿನ ವಿಳಾಸ ಕೊಟ್ಟರು ಎಂದ.

"ಅವರ ಹತ್ರ ಇಂಥವೇ ಹದಿನಾಲ್ಕು ಇದಾವೆ ಆಂಟಿ, ಎಲ್ಲಾ ಮಾರಾಟಕ್ಕೆ. ನಮ್ಮ ಕಡೆಯವರೇ, ಸುಮಿತ್ರಾ ಅಂತ. ಹಸಿರು ಕುಡೀನ ಮಾತ್ರ ಯಾವತ್ತೂ ಕತ್ತರಿಸಬೇಡಿ ಅಂತ ಎರಡೆರಡು ಸಲ ಹೇಳಿ ಕಳಿಸಿದ್ರು."

ಪೊನ್ನಣ್ಣ ತಂದ ಗಿಡ ಮನೆಗೆ ವಾಪಸ್ ಬಂತು. ಎಂಟು ವರ್ಷದ ಗೆಳತಿ ಹೋದಳು.